ಹೊಟ್ಟೆಯೊಳಗಿನ ಜಾಲಿ

ಮೊದಲಿಗೇ ಕ್ಷಮೆ ಕೇಳಬೇಕು. ನಾನು ಕನ್ನಡವನ್ನು ಶಾಲೆಯಲ್ಲಿ ಕಲಿತವಳಲ್ಲ, ಜೋಳದ ಹಿಟ್ಟಿನಲ್ಲಿ ಕಲಿತವಳು. ವಡೋದರಾದ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ರೊಟ್ಟಿ ಮುಗಿದ ಮೇಲೆ ಪರಾತದಲ್ಲಿ ಉಳಿದ ಹಿಟ್ಟನ್ನು ತೆಳ್ಳಗೆ ಹರಡಿ, ನನ್ನ ತೋರುಬೆರಳನ್ನು ತನ್ನ ಬಲಗೈಯಲ್ಲಿ ಹಿಡಿದು ಅಕ್ಷರ ತಿದ್ದಿಸಿದವಳು ದೊಡ್ಡವ್ವ. ಆ ಕೈ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಬಡಿದು ಬಡಿದು ಕೆಂಪಾದ ಅಂಗೈ, ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟು, ಕಾದ ಹಂಚನ್ನು ದಿನವೂ ಮುಟ್ಟಿ ರೇಖೆಗಳೇ ಮಾಸಿಹೋದ ಬೆರಳ ತುದಿಗಳು. ಗುರುತಿನ ಚೀಟಿ ಮಾಡಿಸಲು ಹೋದಾಗ ಯಂತ್ರವು ಆ ಬೆರಳುಗಳನ್ನು ನಾಲ್ಕು ಸಲ ನಿರಾಕರಿಸಿತು. "ನಾ ಇಲ್ಲೇ ಗುಡ್ಡದಂಗ ನಿಂತೇನಿ, ಮಶಿನ್ನಿಗೆ ಕಾಣವಲ್ಲೆ ನೋಡ" ಎಂದು ಅವಳು ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಕ್ಕಿದ್ದಳು.

ಅಂಥವಳನ್ನು ಕುರಿತು ಬರೆಯುವಾಗ ಕಾಗುಣಿತ ತಪ್ಪಿದರೆ, ಪದಗಳು ಸ್ಥಾನ ತಪ್ಪಿದರೆ, ಓದುಗರು ಮನ್ನಿಸಬೇಕು. ಹೇಳಬೇಕಾದುದನ್ನು ಹೇಳದೆ ಬಿಟ್ಟರೆ ಮಾತ್ರ ಮನ್ನಿಸಬೇಕಾಗಿಲ್ಲ. ಆ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ. ಈ ಬರಹಕ್ಕೆ ಅದೇ ಕಾರಣ.

ದೊಡ್ಡವ್ವನೆಂದರೆ ನನ್ನ ಅವ್ವನ ಅಕ್ಕ. ನಮ್ಮದು ಗದಗದ ಕಡೆಯ ಒಂದು ಹಳ್ಳಿ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಹುಬ್ಬಳ್ಳಿಯಿಂದ ವಡೋದರಾಕ್ಕೆ ಅವರಿಗೆ ವರ್ಗವಾಯಿತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ದೊಡ್ಡವ್ವ, ನಾನು ಹುಟ್ಟುವ ಮುಂಚೆ ತಂಗಿಯ ಬಾಣಂತನಕ್ಕೆಂದು ಮೂರು ತಿಂಗಳ ಮಟ್ಟಿಗೆ ಬಂದಳು. ಬಂದವಳು ಹಿಂದಿರುಗಲೇ ಇಲ್ಲ. ಯಾರಾದರೂ ಕೇಳಿದರೆ, "ಇನ್ನೂ ಬಾಣಂತನ ಮುಗಿದಿಲ್ಲರೀ" ಎನ್ನುತ್ತಿದ್ದಳು. ನಾನು ಪದವಿ ಪರೀಕ್ಷೆಗೆ ಓದುತ್ತಿದ್ದಾಗಲೂ ಅದೇ ಉತ್ತರ.

ಅವಳು ನಾಲ್ಕನೆಯ ತರಗತಿಯವರೆಗೆ ಓದಿದ್ದಳು. ನಮ್ಮ ಮನೆಯಲ್ಲಿ ಅದೇ ಹೆಚ್ಚಿನ ವಿದ್ಯೆ. ಗುಜರಾತಿ ಶಾಲೆಯಿಂದ ನಾನು ಬರುತ್ತಲೇ ಪರಾತದ ಮುಂದೆ ಕೂರಿಸುತ್ತಿದ್ದಳು. ಲಕಾರ ಮತ್ತು ಳಕಾರಗಳ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಾದವರನ್ನು ನಾನು ಇನ್ನೂ ಕಂಡಿಲ್ಲ. ಒಮ್ಮೆ ಅಪ್ಪನ ಕೆಲಸದ ಬಗ್ಗೆ ಒಂದು ವಾಕ್ಯ ಬರೆಯಲು ಹೇಳಿದಳು. ಹಳಿಯ ಪಕ್ಕದ ಜಲ್ಲಿಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು, 'ನಮ್ಮ ಅಪ್ಪ ದಿನಾಲೂ ಕಳ್ಳು ಎತ್ತುತ್ತಾನೆ' ಎಂದು ಬರೆದೆ. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏ ತಂಗೀ, ಬಾ ಇಲ್ಲೆ. ನಿನ್ನ ಗಂಡ ದಿನಾಲೂ ಕಳ್ಳು ಎತ್ತಾಕತ್ತಾನಂತ. ಅದೂ ಗುಜರಾತಿನ್ಯಾಗ!"

"ಪೊಲೀಸರಿಗೆ ಕೇಳಿಸೀತ, ಮೆಲ್ಲಕ ಅನ್ನ ಯಕ್ಕಾ" ಎಂದಳು ಅವ್ವ. ಪಾನನಿಷೇಧದ ರಾಜ್ಯದಲ್ಲಿ ಅಪ್ಪನ ಮಾನ ಒಂದು ಅಕ್ಷರದ ಮೇಲೆ ನಿಂತಿತ್ತು. "ಲ ಬ್ಯಾರೆ, ಳ ಬ್ಯಾರೆ" ಎಂದು ದೊಡ್ಡವ್ವ ಹಿಟ್ಟನ್ನು ಸವರಿ ಅಳಿಸಿದಳು. "ಇನ್ನೊಮ್ಮೆ ಬರಿ. ನಿಮ್ಮಪ್ಪನ್ನ ಜೇಲಿನಿಂದ ಬಿಡಿಸು."

ದೇಹದ ಕಷ್ಟಗಳನ್ನು ಅವಳು ಹೇಳುತ್ತಿದ್ದುದು ಹೊಲ, ಬಂಡಿ, ದನಗಳ ಭಾಷೆಯಲ್ಲಿ. ನೆಗಡಿಯಾದರೆ "ಕಾಲುವಿ ಒಡದೇತಿ", ಮೊಣಕಾಲು ನೋಯುತ್ತಿದ್ದರೆ "ಗಾಲಿ ಎಣ್ಣಿ ಬೇಡಾಕತ್ತೇತಿ". ಚಿಕ್ಕವಳಿದ್ದಾಗ ನನಗದು ಇಷ್ಟವಾಗಿತ್ತು. ಕಾಲೇಜು ಸೇರಿದ ಮೇಲೆ ಮುಜುಗರವಾಗತೊಡಗಿತು. ನಮ್ಮ ಎರಡೂ ಮನೆತನಗಳಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದುದರಿಂದ, ಬ್ಯಾಂಕು, ಕಚೇರಿ, ಆಸ್ಪತ್ರೆ ಎಲ್ಲ ಕಡೆಯೂ ಮನೆಯವರ ಪರವಾಗಿ ಮಾತಾಡುವ ಹೊಣೆ ನನ್ನದಾಗಿತ್ತು. ನಾಲ್ಕು ಜನರ ಮುಂದೆ ತಪ್ಪು ಮಾತು ಬಾಯಿಂದ ಬಂದೀತೆಂಬ ಭಯ ನನಗೆ ಆಗಲೂ ಇತ್ತು, ಈಗಲೂ ಇದೆ. ಅವರ ಮಾತನ್ನು ತಿದ್ದಿ, ಒಪ್ಪವಾಗಿಸಿ, ಆಮೇಲೆ ಎದುರಿನವರಿಗೆ ಒಪ್ಪಿಸುತ್ತಿದ್ದೆ. ಅದನ್ನು ಸೇವೆ ಎಂದು ತಿಳಿದಿದ್ದೆ.

ನನಗೆ ಮೊದಲ ಕೆಲಸ ಸಿಕ್ಕಿದ್ದು ಸೂರತ್ತಿನ ಹಜೀರಾದಲ್ಲಿ, ಒಂದು ಕಾರ್ಖಾನೆಯ ಕಚೇರಿಯಲ್ಲಿ. ನಾನು ಅಲ್ಲಿದ್ದಾಗಲೇ ದೊಡ್ಡವ್ವನ ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಹರ್ನಿಯಾ ಎಂದರು. ಅಪ್ಪ ಅವಳನ್ನು ವಡೋದರಾದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ವಾರ ಕಳೆದು ನಾನು ಬಂದಾಗ ಅವಳು ದಿಂಬಿಗೆ ಒರಗಿ ಕುಳಿತು ಕಥೆ ಹೇಳಲು ಕಾಯುತ್ತಿದ್ದಳು.

"ಆ ಡಾಕ್ಟರ್ ನನಗ ಮಾಜಿ, ಮಾಜಿ ಅಂತಾನವಾ. ನಾ ಯಾವಾಗ ಮಂತ್ರಿ ಆಗಿದ್ನಿ, ಮಾಜಿ ಆಗಾಕ?"

"ಇಲ್ಲಿ ವಯಸ್ಸಾದವರಿಗೆ ಮಾಜಿ ಅಂತಾರ ದೊಡ್ಡವ್ವಾ. ಅಮ್ಮ ಅಂದಂಗ."

"ಗೊತ್ತೈತಿ ಬಿಡ, ಇಷ್ಟ ವರ್ಷ ಇಲ್ಲೇ ಉಂಡೇನಿ. ನಗಲಿ ಅಂತ ಹೇಳಿದೆ" ಎಂದು, ಆಮೇಲೆ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು ಹೇಳಿದಳು: "ಒಳಗ ಜಾಲಿ ಹಚ್ಯಾರ."

ಜಾಲಿ ಎಂದರೆ ನಮ್ಮ ಸೀಮೆಯಲ್ಲಿ ಮುಳ್ಳಿನ ಮರ. ನಾನು ನಕ್ಕೆ. ಅವಳು ನಗಲಿಲ್ಲ. "ಹೊಲದಾಗ ದನ ಹೋಗಬಾರದು ಅಂತ ಬದುವಿಗೆ ಜಾಲಿಮುಳ್ಳಿನ ಬೇಲಿ ಹಚ್ಚತಾರಲ್ಲ? ಹಂಗ, ಕರುಳು ಹೊರಗ ಬರಬಾರದು ಅಂತ ಅಡ್ಡ ಹಚ್ಯಾರ. ಡಾಕ್ಟರೇ ಹೇಳಿದಾನ, ಜಾಲಿ ಅಂತ." ಹೊಲಿಗೆಯ ನೋವನ್ನು ತನ್ನ ರೀತಿಯಲ್ಲಿ ಬಣ್ಣಿಸುತ್ತಿದ್ದಾಳೆಂದು ನಾನು ತಿಳಿದೆ. ಮರುದಿನ ಹಜೀರಾಕ್ಕೆ ಹೊರಟೆ.

ಆರು ತಿಂಗಳು ಕಳೆದಿರಬಹುದು. ಅಷ್ಟರಲ್ಲಿ ನನಗೆ ವಡೋದರಾದಲ್ಲೇ, ಅಲ್ಕಾಪುರಿಯ ಒಂದು ವಿಮಾ ಕಚೇರಿಯಲ್ಲಿ, ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಸಿಕ್ಕಿ ಮನೆಗೆ ಮರಳಿದ್ದೆ. ಮೊದಲು ನನ್ನ ಗಮನಕ್ಕೆ ಬಂದದ್ದು ಸದ್ದಿನ ಬದಲಾವಣೆ. ಬೆಳಗಿನ ಏಳು ಗಂಟೆಗೆ ತಪ್ಪದೆ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ಒಂಬತ್ತಕ್ಕೆ ಸರಿಯಿತು, ಆಮೇಲೆ ಹನ್ನೊಂದಕ್ಕೆ. ಎದ್ದ ಮೇಲೆ ಎರಡು ತಾಸು ಬೆರಳುಗಳು ಮಡಚುತ್ತಿರಲಿಲ್ಲ. ಸಂಜೆಯಾದರೆ ಸಣ್ಣ ಜ್ವರ. ಕಣ್ಣಿನಲ್ಲಿ ಹಿಟ್ಟು ಬಿದ್ದಂತೆ ಉರಿ. ಬಾಯಿ ಎಷ್ಟು ಒಣಗುತ್ತಿತ್ತೆಂದರೆ, ತಾನು ಮಾಡಿದ ರೊಟ್ಟಿಯನ್ನೇ ನೀರಿನಲ್ಲಿ ಅದ್ದಿಕೊಂಡು ನುಂಗುತ್ತಿದ್ದಳು. ಒಂದು ದಿನ ರೊಟ್ಟಿಯ ಸದ್ದು ಬರಲೇ ಇಲ್ಲ. ಎದ್ದು ಹೋಗಿ ನೋಡಿದರೆ, ಪರಾತದ ಮುಂದೆ ಕುಳಿತು, ಮುದ್ದೆಯ ಮೇಲೆ ಕೈಯಿಟ್ಟುಕೊಂಡು, ಆ ಕೈಯನ್ನೇ ನೋಡುತ್ತಿದ್ದಳು.

"ಕೈ ನನ್ನ ಮಾತ ಕೇಳವಲ್ದು" ಎಂದಳು. ಆ ಒಂದು ಮಾತನ್ನು ಮಾತ್ರ ಅವಳು ಹೊಲದ ಭಾಷೆಯಲ್ಲಿ ಹೇಳಲಿಲ್ಲ.

ನಮ್ಮ ಕಚೇರಿಯ ಬೀದಿಯಲ್ಲೇ ಕೀಲುರೋಗದ ವೈದ್ಯರೊಬ್ಬರಿದ್ದರು. ಅಲ್ಲಿಗೆ ಕರೆದೊಯ್ದೆ. ಬಾಗಿಲಲ್ಲಿ ಒಂದು ನಮೂನೆ ಕೊಟ್ಟರು. ನಮೂನೆ ತುಂಬುವುದು ನನ್ನ ವೃತ್ತಿ, ಸಂತೋಷದಿಂದಲೇ ತುಂಬಿದೆ. ಹಿಂದಿನ ಶಸ್ತ್ರಚಿಕಿತ್ಸೆ: ಹರ್ನಿಯಾ. ಶರೀರದಲ್ಲಿ ಇಂಪ್ಲಾಂಟ್ ಇದೆಯೇ: ಇಲ್ಲ. ಇಂಪ್ಲಾಂಟ್ ಎಂದರೆ ಮೂಳೆಗೆ ಹಾಕುವ ಉಕ್ಕಿನ ಸರಳು, ಹೃದಯಕ್ಕೆ ಹಾಕುವ ಯಂತ್ರ; ನಾನು ತಿಳಿದದ್ದು ಅಷ್ಟೇ. ಒಳಗೆ ಹೋದಾಗ ವೈದ್ಯರು ಮತ್ತೊಮ್ಮೆ ಬಾಯಿಮಾತಿನಲ್ಲಿ ಕೇಳಿದರು: ಸರಳು, ಪಟ್ಟಿ, ಬೇರೆ ಏನಾದರೂ ಒಳಗೆ ಇಟ್ಟಿದ್ದಾರೆಯೇ? ಅವರ ಪ್ರಶ್ನೆ ಮುಗಿಯುವ ಮುನ್ನವೇ ಇಲ್ಲ ಎಂದೆ.

ದೊಡ್ಡವ್ವ ನನ್ನ ದುಪಟ್ಟಾ ಜಗ್ಗಿದಳು. "ಜಾಲಿ ಹೇಳ."

"ಸುಮ್ಮನಿರ ದೊಡ್ಡವ್ವಾ."

"ಹೊಟ್ಯಾಗ ಹಚ್ಚಿದ ಜಾಲಿ ಮೈತುಂಬ ಹಬ್ಬೇತಿ, ಕೀಲಿಗೊಂದು ಮುಳ್ಳ ಎದ್ದೇತಿ ಅಂತ ಹೇಳ ಅವರಿಗೆ."

ವೈದ್ಯರು ನನ್ನ ಮುಖ ನೋಡಿದರು. "ಏನು ಹೇಳುತ್ತಿದ್ದಾರೆ?"

ಗೋಡೆಯ ಮೇಲೆ ಅವರ ಪದವಿಪತ್ರಗಳು ಸಾಲಾಗಿ ತೂಗುತ್ತಿದ್ದವು. ಮುಳ್ಳಿನ ಮರದ ಮಾತನ್ನು ಅವುಗಳ ಮುಂದೆ ಹೇಗೆ ಹೇಳಲಿ? ಅತ್ಯಂತ ಶುದ್ಧವಾದ ಇಂಗ್ಲಿಷಿನಲ್ಲಿ, "ಅವರಿಗೆ ಸರ್ವಾಂಗ ನೋವಿದೆ, ಡಾಕ್ಟರ್" ಎಂದೆ. ಅವರು ಬರೆದುಕೊಂಡರು.

ರಕ್ತಪರೀಕ್ಷೆಗಳಾದವು. ದೇಹವನ್ನು ಕಾಯಬೇಕಾದ ಶಕ್ತಿಯೇ ತನ್ನ ಕೀಲುಗಳನ್ನು, ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳನ್ನು ಶತ್ರುವೆಂದು ತಿಳಿದು ಕಾಡುವ ಕಾಯಿಲೆ ಎಂದರು. ಏಕೆ ಬಂತೆಂದು ಹೇಳಲಾಗದು, ಮಾತ್ರೆಗಳಿಂದ ಹದ್ದುಬಸ್ತಿನಲ್ಲಿಡಬಹುದು ಎಂದರು. ಮನೆಗೆ ಬಂದು ಎಲ್ಲವನ್ನೂ ವಿವರಿಸಿದೆ. ದೊಡ್ಡವ್ವ ಗಮನವಿಟ್ಟು ಕೇಳಿದಳು.

"ಅಂದ್ರ, ಮನಿ ನಾಯಿ ಮನಿ ಮಂದಿಗೇ ಬೊಗಳಾಕತ್ತೇತಿ."

"ಹೌದು, ಹಂಗ ಅನ್ನಬಹುದು."

"ನಾಯಿ ಸುಮ್ನ ಬೊಗಳೂದಿಲ್ಲವಾ. ಒಳಗ ಯಾರೋ ಹೊರಗಿನವ ಕುಂತಿರಬೇಕು. ಅವನ ಹೊರಗ ಹಾಕೂತನಾ ಅದು ಬೊಗಳೂದ."

ಅದನ್ನೂ ನಾನು ಯಾರಿಗೂ ಹೇಳಲಿಲ್ಲ. ಒಂದೂವರೆ ವರ್ಷ ಮಾತ್ರೆಗಳಲ್ಲಿ ಕಳೆಯಿತು. ಮಾತ್ರೆ ಹೆಚ್ಚಿಸಿದಾಗ ನೋವು ತಗ್ಗುತ್ತಿತ್ತು, ಇಳಿಸಿದಾಗ ಏರುತ್ತಿತ್ತು. ಅವಳ ಮುಖ ಊದಿಕೊಂಡಿತು, ಬಲಗೈಯ ಎರಡು ಬೆರಳುಗಳು ಪಕ್ಕಕ್ಕೆ ವಾಲಿದವು. ಅವ್ವ ಗೋಧಿಯ ಚಪಾತಿ ಮಾಡತೊಡಗಿದಳು. "ಮೆತ್ತಗ ಅದಾವ, ನುಂಗಾಕ ಸಲೀಸ" ಎಂದು ದೊಡ್ಡವ್ವ ಹೊಗಳಿ ತಿನ್ನುತ್ತಿದ್ದಳು. ಆದರೆ ಎರಡು ದಿನಕ್ಕೊಮ್ಮೆ ಪರಾತವನ್ನು ಇಳಿಸಿ, ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಮೇಲಿಡುವುದನ್ನು ಬಿಡಲಿಲ್ಲ.

ಕೊನೆಗೆ ವೈದ್ಯರೇ ಅಹಮದಾಬಾದಿನ ನವರಂಗಪುರದಲ್ಲಿರುವ ಹಿರಿಯ ತಜ್ಞೆಯೊಬ್ಬರಿಗೆ ಚೀಟಿ ಕೊಟ್ಟರು. ಬೆಳಗಿನ ರೈಲಿನಲ್ಲಿ ಹೋದೆವು. ನಮ್ಮ ಸರದಿ ಬರುವ ವೇಳೆಗೆ ಹಳೆಯ ವರದಿಗಳ ಝೆರಾಕ್ಸ್ ಬೇಕೆಂದರು. ಅವಳನ್ನು ಒಳಗೆ ಕೂರಿಸಿ, "ನಾ ಬರೂತನಾ ಏನೂ ಮಾತಾಡಬ್ಯಾಡ" ಎಂದು ಹೇಳಿ ಕೆಳಗಿಳಿದೆ.

ಹಿಂದಿರುಗಿದಾಗ ಆ ತಜ್ಞೆ ಕುರ್ಚಿಯಿಂದ ಎದ್ದು ದೊಡ್ಡವ್ವನ ಹೊಟ್ಟೆಯ ಹಳೆಯ ಗಾಯದ ಸುತ್ತ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ದೊಡ್ಡವ್ವ ತನ್ನ ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ್ದಳು.

"ಮಾಜಿ ಹೊಟ್ಟೆಯಲ್ಲಿ ಜಾಲಿ ಇದೆ ಅನ್ನುತ್ತಿದ್ದಾರೆ" ಎಂದರು ತಜ್ಞೆ, ಹಿಂದಿಯಲ್ಲೇ. "ನೀವು ತಂದ ಕಾಗದಗಳಲ್ಲಿ ಎಲ್ಲಿಯೂ ಇಲ್ಲವಲ್ಲ?"

"ಕ್ಷಮಿಸಿ ಮೇಡಂ. ಅದು ಅವರ ಹಳ್ಳಿಯ ಮಾತು. ಜಾಲಿ ಅಂದರೆ ನಮ್ಮಲ್ಲಿ ಒಂದು ಮುಳ್ಳಿನ ಮರ. ನೋವಿಗೆ ಹಾಗೆ ಹೇಳುತ್ತಾರೆ."

ಅವರು ಕಿಟಕಿಯತ್ತ ಬೆರಳು ತೋರಿದರು. ಅಲ್ಲಿ ಸೊಳ್ಳೆ ಬರದಂತೆ ಹಾಕಿದ ಬಲೆಯಿತ್ತು. "ಅದಕ್ಕೆ ನೀವು ಏನೆನ್ನುತ್ತೀರಿ?"

"ಜಾಲಿ" ಎಂದೆ.

ಹುಟ್ಟಿದಂದಿನಿಂದ ಗುಜರಾತಿನಲ್ಲೇ ಬೆಳೆದವಳು ನಾನು. ಕಿಟಕಿಗೆ, ಚರಂಡಿಯ ಮುಚ್ಚಳಕ್ಕೆ, ಟೀ ಸೋಸುವುದಕ್ಕೆ ಹಿಂದಿಯಲ್ಲಿ ದಿನವೂ ಆ ಪದವನ್ನೇ ಆಡಿದ್ದೆ. ಹರ್ನಿಯಾ ಮತ್ತೆ ಉಬ್ಬದಂತೆ ಹೊಟ್ಟೆಯ ಗೋಡೆಗೆ ಹೊಲಿಯುವ ಪ್ಲಾಸ್ಟಿಕ್ ಬಲೆಗೂ ಇಲ್ಲಿನ ವೈದ್ಯರು ಅದೇ ಪದ ಬಳಸುತ್ತಾರೆ. ಆ ಶಸ್ತ್ರವೈದ್ಯರು ಗುಜರಾತಿಯಲ್ಲಿ ಹೇಳಿದ್ದರೆ 'ಜಾಳಿ' ಎನ್ನುತ್ತಿದ್ದರು. ದೊಡ್ಡವ್ವನಿಗೆ ನಮ್ಮ ಕಡೆಯ ಬಲೆಚೀಲ, 'ಜಾಳಿಗೆ', ನೆನಪಾಗುತ್ತಿತ್ತು, ನನಗೂ ತಿಳಿಯುತ್ತಿತ್ತು. ಅವಳಿಗೆ ಅರ್ಥವಾಗಲೆಂಬ ಸೌಜನ್ಯದಿಂದ ಅವರು ಹಿಂದಿಯಲ್ಲಿ 'ಜಾಲಿ' ಎಂದಿದ್ದರು. ಲ ಬೇರೆ, ಳ ಬೇರೆ. ಅವಳು ಕೇಳಿಸಿಕೊಂಡದ್ದು ಸರಿಯಾಗಿತ್ತು, ನೆನಪಿಟ್ಟುಕೊಂಡದ್ದು ಸರಿಯಾಗಿತ್ತು, ಹೇಳಿದ್ದೂ ಸರಿಯಾಗಿತ್ತು. ನಡುವೆ ನಿಂತು ತಿದ್ದಿದವಳು ನಾನು.

ಮನೆಗೆ ಫೋನ್ ಮಾಡಿದೆ; ಅಪ್ಪ ಟ್ರಂಕಿನ ತಳದಿಂದ ನರ್ಸಿಂಗ್ ಹೋಮಿನ ಕಾಗದ ತೆಗೆದು ಅದರ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದರು. ಕೊನೆಯ ಹಾಳೆಗೆ ಆ ಬಲೆಯ ಡಬ್ಬಿಯ ಚೀಟಿ ಅಂಟಿಸಿತ್ತು. "ಅದು ಔಷಧದ ಲೇಬಲ್ ಅಂತ ತಿಳಿದಿದ್ನಿ" ಎಂದರು ಅಪ್ಪ. ಅವರ ಧ್ವನಿ ಸಣ್ಣದಾಗಿತ್ತು.

ತಜ್ಞೆ ಅವಸರದ ಮಾತಾಡಲಿಲ್ಲ. ಲೆಕ್ಕವಿಲ್ಲದಷ್ಟು ಜನರ ಹೊಟ್ಟೆಯಲ್ಲಿ ಇಂಥ ಬಲೆ ಜೀವಮಾನವಿಡೀ ಸುಮ್ಮನಿರುತ್ತದೆ, ಉಪಕಾರವನ್ನೇ ಮಾಡುತ್ತದೆ. ಅಪರೂಪಕ್ಕೆ ಕೆಲವರ ಮೈ ಮಾತ್ರ ಅದನ್ನು ಒಪ್ಪುವುದಿಲ್ಲ, ಒಳಗೊಳಗೇ ಹೋರಾಡಿ ಕೊನೆಗೆ ತನ್ನನ್ನೇ ಕಾಡತೊಡಗಬಹುದು. ಈ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ತೆಗೆದರೆ ಗುಣವಾಗುತ್ತದೆಂಬ ಭರವಸೆ ಕೊಡಲಾರೆ ಎಂದರು. ಆದರೆ ಗಾಯದ ಸುತ್ತ ಒಳಗೆ ಊತವಿದೆ, ಕಾಯಿಲೆ ಶುರುವಾದದ್ದೂ ಶಸ್ತ್ರಚಿಕಿತ್ಸೆಯ ನಂತರ. ಇದು ಮೊದಲೇ ತಿಳಿದಿದ್ದರೆ ಬೆರಳುಗಳು ವಾಲುವ ಮುಂಚೆಯೇ ಈ ದಾರಿ ಯೋಚಿಸಬಹುದಿತ್ತು ಎಂದರು. ಕೊನೆಯ ಮಾತನ್ನು ಅವರು ಯಾರನ್ನೂ ದೂಷಿಸುವಂತೆ ಹೇಳಲಿಲ್ಲ.

ಹಿಂದಿರುಗುವ ರೈಲಿನಲ್ಲಿ, ಆಣಂದ ನಿಲ್ದಾಣ ದಾಟಿದ ಮೇಲೆ, ನಾನು ಒಪ್ಪಿಕೊಂಡೆ. ಅಲ್ಕಾಪುರಿಯ ವೈದ್ಯರಿಗೆ ಅವಳು ಹೇಳಿದ್ದನ್ನು ನಾನು ಹೇಳಲೇ ಇಲ್ಲವೆಂದೆ. ನಾಚಿಕೆಯಾಗಿತ್ತೆಂದೆ. ಅಳು ಬಂತು. ಎದುರು ಕುಳಿತಿದ್ದ ಗುಜರಾತಿ ಹೆಂಗಸು ಏನೋ ಸಾವಿನ ಸುದ್ದಿಯೆಂದು ತಿಳಿದು ನೀರಿನ ಬಾಟಲಿ ಮುಂದೆ ಚಾಚಿದಳು. ದೊಡ್ಡವ್ವ ಹೊರಗಿನ ತಂಬಾಕಿನ ಹೊಲಗಳಿಂದ ಕಣ್ಣು ತಿರುಗಿಸಿದಳು.

"ಅಳ, ಅಳ" ಎಂದಳು. "ನನ್ನ ಪಾಲಿಂದೂ ನೀನ ಅಳ. ನನ್ನ ಕಣ್ಣಾಗ ಹನಿ ಇಲ್ಲ."

ನಾನು ಇನ್ನಷ್ಟು ಅತ್ತೆ. ಆಗ ಅವಳು ವಾಲಿದ ಬೆರಳುಗಳಿಂದ ನನ್ನ ತೋರುಬೆರಳನ್ನು ಹಿಡಿದುಕೊಂಡಳು. "ನೀ ಸುಳ್ಳ ಹೇಳಾಕ ಹೋಗಿರಲಿಲ್ಲವಾ. ಚಲೋ ಹೇಳಾಕ ಹೋಗಿದ್ದಿ. ಇನ್ನ ಮ್ಯಾಲೆ ಚಲೋ ಹೇಳಬ್ಯಾಡ. ನಾವು ಅಂದಂಗ ಹೇಳ, ಸಾಕು."

ಅಹಮದಾಬಾದಿನಲ್ಲೇ ಬಲೆಯನ್ನು ತೆಗೆದರು. ಮಾಂಸ ಅದರ ಕಣ್ಣುಗಳೊಳಗೆ ಹೆಣೆದುಕೊಂಡು ಬೆಳೆದಿದ್ದರಿಂದ ಕೆಲಸ ಕಷ್ಟದ್ದಾಯಿತು; ಒಂದು ಚೂರನ್ನು ಬಿಡಬೇಕಾಯಿತು. ಎಚ್ಚರವಾದೊಡನೆ ಅವಳು ಕೇಳಿದ್ದು, "ಜಾಲಿ ಕಡದ್ರನು?" ಮೂರು ತಿಂಗಳಲ್ಲಿ ಸಂಜೆಯ ಜ್ವರ ನಿಂತಿತು. ಬೆಳಗಿನ ಬಿಗಿತ ಎರಡು ತಾಸಿನಿಂದ ಅರ್ಧ ತಾಸಿಗೆ ಇಳಿಯಿತು. ಕಣ್ಣಿನ ಹನಿ ಮಾತ್ರ ಬಾಟಲಿಯಿಂದಲೇ ಬರಬೇಕಾಗಿತ್ತು, ಮತ್ತು ವಾಲಿದ ಎರಡು ಬೆರಳುಗಳು ನೆಟ್ಟಗಾಗಲಿಲ್ಲ. ಅವು ನಾನು ಹೇಳದೆ ಕಳೆದ ಒಂದೂವರೆ ವರ್ಷ.

ಒಂದು ಭಾನುವಾರ ಬೆಳಿಗ್ಗೆ ಸದ್ದು ಕೇಳಿಸಿತು. ಮೊದಲಿನ ಸದ್ದಲ್ಲ, ಎರಡು ಸಲ ಬಡಿದು, ನಿಂತು, ಮತ್ತೊಂದು ಸಲ. ನಾನೂ ಅವ್ವನೂ ಅಡುಗೆಮನೆಯ ಬಾಗಿಲಲ್ಲಿ ನಿಂತೆವು. ಎಡ ಅಂಗೈಯಿಂದ ಬಡಿಯುತ್ತಾ, ಬಲಗೈಯ ಬದಿಯಿಂದ ತಿರುಗಿಸುತ್ತಿದ್ದಳು. ಅಂಚು ಸೀಳಿ, ಬೆರಳುದಪ್ಪವಾಗಿ ಬಂದ ಅದನ್ನು ಹಂಚಿನ ಮೇಲೆ ಹಾಕಿ, ಬೇಯಿಸಿ, ಎತ್ತಿ ಹಿಡಿದು ನೋಡಿದಳು.

"ಇದು ರೊಟ್ಟಿ ಅಲ್ಲವಾ. ರೋಟ್ಲೊ. ಮೂವತ್ತ ವರ್ಷಕ್ಕ ನನ್ನ ಕೈ ಗುಜರಾತಿ ಕಲೀತ ನೋಡ."

ಇಲ್ಲಿಯವರ ಸಜ್ಜೆಯ ರೋಟ್ಲೊ ನಮ್ಮ ರೊಟ್ಟಿಗಿಂತ ದಪ್ಪ. ಅವ್ವ ನಗುತ್ತಲೇ ಕಣ್ಣೊರೆಸಿಕೊಂಡಳು. ಅಪ್ಪ ಅಂದು ಮೂರು ತಿಂದರು.

ಆಮೇಲೆ ಅವಳು ನಾಲ್ಕು ವರ್ಷ ಬದುಕಿದಳು. ಕಳೆದ ಚಳಿಗಾಲದಲ್ಲಿ, ಸಂಕ್ರಾಂತಿಯ ಗಾಳಿಪಟದ ಹಬ್ಬ ಮುಗಿದ ವಾರ, ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಮಾತ್ರೆಗಳಿಂದ ಮೈಯ ಕಾವಲು ಮೊದಲೇ ಕುಗ್ಗಿತ್ತು. ಆಸ್ಪತ್ರೆಗೆ ಸೇರಿಸುವಾಗ ದಾಖಲೆಯ ನಮೂನೆಯನ್ನು ನಾನೇ ತುಂಬಿದೆ. ಇಂಪ್ಲಾಂಟ್ ಎಂಬ ಸಾಲಿನಲ್ಲಿ, 'ಹೊಟ್ಟೆಯಲ್ಲಿ ಜಾಲಿ ಇತ್ತು, ತೆಗೆದಿದ್ದಾರೆ, ಒಂದು ಚೂರು ಉಳಿದಿದೆ' ಎಂದು ಹಿಂದಿಯಲ್ಲಿ ಬರೆದು ಅವಳಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ, "ಲ ಹಾಕಿದಿಲ್ಲೊ?" ಎಂದಳು. ಹಾಕಿದ್ದೇನೆ ಎಂದೆ. ಮೂರನೆಯ ದಿನ ಮಧ್ಯಾಹ್ನ ಹೋದಳು.

ನಮ್ಮ ಕುಟುಂಬದಲ್ಲಿ ಆನಂತರ ಆದ ಬದಲಾವಣೆಗಳನ್ನು ಇದ್ದಂತೆಯೇ ಹೇಳಿ ಮುಗಿಸುತ್ತೇನೆ. ನಮ್ಮ ಮನೆಯ ಕಪಾಟಿನಲ್ಲಿ ಈಗ ಒಂದು ನೋಟುಪುಸ್ತಕವಿದೆ. ಅಪ್ಪನ ಕಣ್ಣಿನೊಳಗೆ ಹಾಕಿದ ಮಸೂರ, ಅವ್ವನ ಹಲ್ಲಿನ ಬುಡದಲ್ಲಿ ಕೂರಿಸಿದ ಮೊಳೆ, ಯಾರ ಮೈಯೊಳಗೆ ಏನು ಇದೆ ಎಂಬುದನ್ನು ಅವರವರ ಮಾತಿನಲ್ಲೇ, ಡಬ್ಬಿಯ ಚೀಟಿಯ ಸಮೇತ ಅದರಲ್ಲಿ ಇಟ್ಟಿದ್ದೇವೆ. ರೊಟ್ಟಿಯನ್ನು ಭಾನುವಾರ ನಾನು ಬಡಿಯುತ್ತೇನೆ. ಅವು ದಪ್ಪವಾಗಿಯೇ ಬರುತ್ತವೆ. ವೈದ್ಯರಲ್ಲಿಗೆ ಹೋದಾಗ ಅವ್ವ ತಾನೇ ಮಾತಾಡುತ್ತಾಳೆ, ತನಗೆ ಬಂದ ಹಿಂದಿಯಲ್ಲಿ, ಬಂಡಿ ಗಾಲಿಗಳ ಸಮೇತ. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತೇನೆ. ಅವಳು ಕೇಳಿದರೆ ಮಾತ್ರ ಹೇಳುತ್ತೇನೆ, ಅವಳು ಅಂದಂತೆ.